ಹೊತ್ತವರಿಗೆ ಗಾದೆಯಿಲ್ಲ

ದೊಡ್ಡಮ್ಮ ನಮ್ಮ ಮನೆಗೆ ಬಂದರೆ ಚಪ್ಪಲಿ ಬಿಡುವ ಮೊದಲೇ ಎರಡೂ ಕೈ ಚಾಚುತ್ತಾಳೆ. "ಕೊಡಿಲ್ಲಿ, ನಾನು ಆಡಿಸ್ತೀನಿ. ನೀನು ಹೋಗಿ ಒಂದು ಗಳಿಗೆ ಸೊಂಟ ನೆಟ್ಟಗೆ ಮಾಡ್ಕೋ." ನಾನು ಮಗುವನ್ನು ಕೊಟ್ಟು ಒಳಗೆ ಹೋಗಿ ನೆನೆಸಿಟ್ಟ ಬಟ್ಟೆ ಹಿಂಡುತ್ತೇನೆ. ಸೊಂಟ ನೆಟ್ಟಗಾಗುವುದು ಆಮೇಲಿನ ಮಾತು.

ದೊಡ್ಡಮ್ಮ ನನ್ನ ಅಮ್ಮನ ಅಕ್ಕ. ಅಜ್ಜಿ ಬೆಳಕು ಹರಿಯುವ ಮುಂಚೆ ಗಿರಣಿಗೆ ಹೋಗುತ್ತಿದ್ದುದರಿಂದ ಅಮ್ಮನನ್ನು ಬೆಳೆಸಿದವಳು ಇವಳೇ. ಅದಕ್ಕಾಗಿ ಶಾಲೆ ಬಿಟ್ಟಳು. ನಮ್ಮ ಮನೆಯಲ್ಲಿ ಯಾರೂ ಅದನ್ನು ಹಾಗೆ ಹೇಳುವುದಿಲ್ಲ. "ಅಕ್ಕ ನನ್ನನ್ನ ಆಡಿಸ್ಕೊಂಡು ಮನೇಲಿದ್ಲು" ಎನ್ನುತ್ತಾಳೆ ಅಮ್ಮ, ಬಲು ಹೆಮ್ಮೆಯಿಂದ. ಗಂಡ ತೀರಿಕೊಂಡ ಮೇಲೆ ದೊಡ್ಡಮ್ಮ ಹತ್ತನೇ ತರಗತಿಯ ಪರೀಕ್ಷೆ ಕಟ್ಟಿ ಪಾಸು ಮಾಡಿದಳು. ಅಂದಿನಿಂದ ಸರ್ವೆ ಕೆಲಸ. ಸೊಳ್ಳೆ ಸರ್ವೆ, ಶೌಚಾಲಯದ ಸರ್ವೆ, ಕುಡಿಯುವ ನೀರಿನ ಸರ್ವೆ, ಯಾವುದಕ್ಕೆ ಕರೆದರೆ ಅದಕ್ಕೆ. ಕರೆದರೆ ಒಲೆ ಹೊತ್ತುತ್ತದೆ, ಕರೆಯದಿದ್ದರೆ ಇಲ್ಲ. ಈ ಸಲದ್ದು ಮಕ್ಕಳ ಸರ್ವೆ: ಯಾವ ಮಗು ದುಡಿಯುತ್ತದೆ, ಮನೆಯೊಳಗೆ ಏನೇನು ಮಾಡುತ್ತದೆ, ಎಷ್ಟು ಹೊತ್ತು.

ಆ ದಿನ ಬಂದವಳು ಮಗುವಿಗೆ ಕೈ ಚಾಚಿದಳೇನೋ ನಿಜ, ಆದರೆ ಮುಖದಲ್ಲಿ ಕಳೆ ಇರಲಿಲ್ಲ. ನಮ್ಮ ಹಿಂದಿನ ಓಣಿಯ ಸರ್ವೆ ಹಾಳೆಗಳನ್ನೆಲ್ಲ ಆಫೀಸಿನ ಮೇಡಂ ವಾಪಸು ಕೊಟ್ಟಿದ್ದರು.

"ಏನಂದ್ರು?"

"ಏನಂತಾರೆ. 'ಆಂಟಿ, ಈ ಓಣೀಲಿ ಹುಡುಗೀರು ಬೆಳಗಿಂದ ಸಂಜೆವರೆಗೂ ಆಟಾನೇ ಆಡ್ತಾರಾ? ನಮ್ಮನೆ ಹುಡುಗನೂ ಇಷ್ಟು ಆಡಲ್ಲ' ಅಂದ್ರು."

ಆಗಿದ್ದು ಇಷ್ಟೇ. ಮಗಳು ಮನೆಯಲ್ಲಿ ಏನು ಮಾಡುತ್ತಾಳೆ ಎಂದು ಕೇಳಿದರೆ ತಾಯಂದಿರು, "ಏನ್ ಮಾಡ್ತಾಳೆ, ಪಾಪೂನ ಆಡಿಸ್ಕೊಂಡಿರ್ತಾಳೆ" ಅಂದಿದ್ದರು. ದೊಡ್ಡಮ್ಮ ಅದನ್ನು 'ಆಟ' ಎಂಬ ಕಡೆ ಬರೆದುಕೊಂಡು ಬಂದಿದ್ದಳು, ಮನೆ ಮನೆಗೂ ಹಾಗೇ. ಶನಿವಾರದೊಳಗೆ ಮತ್ತೆ ಕೇಳಿ ಬರೆದು ಕೊಡಬೇಕು. ಇಲ್ಲದಿದ್ದರೆ ಮುಂದಿನ ಸರ್ವೆಗೆ ಬೇರೆಯವರು.

"ಇಲ್ಲೇ ಕೂತು ತಿದ್ದಿಬಿಡು ದೊಡ್ಡಮ್ಮ. ಆಟ ಅನ್ನೋದನ್ನ ಹೊಡೆದು ಕೆಲಸ ಅಂತ ಬರೆದ್ರಾಯ್ತು" ಎಂದೆ. ಅವಳ ಮೊಣಕಾಲು ಊದಿಕೊಂಡಿದ್ದು ಸೀರೆಯ ಮೇಲಿನಿಂದಲೇ ಕಾಣುತ್ತಿತ್ತು.

"ಎಷ್ಟು ಹೊತ್ತು ಅಂತ ಬರೀಬೇಕಲ್ಲೇ. ಅದನ್ನ ನಿನ್ನ ಮಗು ಹೇಳತ್ತಾ?" ತಾನೇ ಮುಂದುವರಿಸಿದಳು. "ಅಲ್ಲ, ತಮ್ಮನ್ನ ಆಡಿಸೋದೂ ಒಂದು ಕೆಲಸಾನಾ? ನಾಳೆ ಉಸಿರಾಡೋದೂ ಕೆಲಸ ಅಂತಾರೆ. ಹಾಗಾದ್ರೆ ನಿಮ್ಮಮ್ಮನ್ನ ಇಟ್ಕೊಂಡು ನಾನು ಮಾಡಿದ್ದೇನು?"

ನಾನು ಮಗುವನ್ನು ಹೆಗಲಿಗೆ ಹಾಕಿಕೊಂಡು ಜೊತೆಗೆ ಹೊರಟೆ.

ಮೊದಲ ಬಾಗಿಲಲ್ಲೇ ಮಂಗಳಾರತಿ ಆಯಿತು. "ಮೊನ್ನೆ ತಾನೇ ಬರ್ಕೊಂಡು ಹೋದ್ರಲ್ಲ. ಅಷ್ಟರಲ್ಲಿ ನಮ್ಮನೇಲಿ ಇನ್ನೊಂದು ಹುಟ್ಟಿರತ್ತಾ?" ದೊಡ್ಡಮ್ಮ ನಗಲು ನೋಡಿದಳು, ಆಗಲಿಲ್ಲ. ಮಕ್ಕಳನ್ನೇ ಕೇಳಬೇಕಂತೆ ಎಂದಳು. ಆ ಮನೆಯ ಹುಡುಗಿ ನೀರಿಗೆ ಹೋಗಿದ್ದಳು. ಆಮೇಲೆ ಬರುತ್ತೇನೆಂದು ಹೇಳಿ ಪಕ್ಕದ ಮನೆಗೆ ಬಂದೆವು.

ಅದು ಇಸ್ತ್ರಿಯವನ ಮನೆ. ಮುಂದಿನ ಕೋಣೆಯ ತುಂಬ ಮೇಜು, ಮೇಜಿನ ತುಂಬ ಪರರ ಬಟ್ಟೆ, ಬಿಸಿ ಹತ್ತಿಯ ವಾಸನೆ. ಅವನ ಹೆಂಡತಿ ಇಸ್ತ್ರಿಪೆಟ್ಟಿಗೆ ಹಿಡಿದಿದ್ದಳು. ಎಲ್ಲರೂ ಗುಬ್ಬಿ ಎಂದು ಕರೆಯುವ ಅವಳ ಮಗಳು ತಮ್ಮನನ್ನು ಸೊಂಟದ ಮೇಲಿಟ್ಟುಕೊಂಡು ಬಾಗಿಲಲ್ಲಿ ನಿಂತಿದ್ದಳು. ಹುಡುಗ ಹುಡುಗಿಯ ಅರ್ಧದಷ್ಟಿದ್ದ.

"ಇವಳಾ? ಇವಳೇನ್ ಮಾಡ್ತಾಳೆ. ಗುಂಡು ಗುಂಡಗಿದಾಳೆ" ಎಂದಳು ತಾಯಿ.

"ಮಗೂನ ಅಮ್ಮನ ಹತ್ರ ಕೊಟ್ಟು ಬಾಮ್ಮ" ಎಂದಳು ದೊಡ್ಡಮ್ಮ. ತಾಯಿ ಕೈಯಲ್ಲಿದ್ದ ಪೆಟ್ಟಿಗೆಯನ್ನು ತೋರಿಸಿದಳು. ಕೊನೆಗೆ ಹುಡುಗನನ್ನು ದೊಡ್ಡಮ್ಮನೇ ಎತ್ತಿಕೊಂಡಳು.

ಮಗು ಇಳಿದರೂ ಗುಬ್ಬಿಯ ಸೊಂಟ ಇಳಿಯಲಿಲ್ಲ. ಇನ್ನೂ ಯಾರೋ ಕೂತಿದ್ದಾರೆ ಎಂಬಂತೆ ಒಂದು ಕಡೆಗೆ ಓರೆಯಾಗಿ ಎದ್ದೇ ಇತ್ತು.

"ನೆಟ್ಟಗೆ ನಿಂತ್ಕೊಳ್ಳೇ, ಹಿರಿಯರು ಮಾತಾಡಿಸ್ತಿದಾರೆ."

"ನೆಟ್ಟಗೇ ನಿಂತಿದೀನಲ್ಲಮ್ಮ."

ದೊಡ್ಡಮ್ಮ ಆ ಸೊಂಟವನ್ನೇ ನೋಡುತ್ತಿದ್ದಳು. ಆಮೇಲೆ ಮೆಲ್ಲಗೆ ಕೇಳಿದಳು.

"ಬೆಳಿಗ್ಗೆ ಇವನ್ನ ಯಾರು ಎತ್ಕೋತಾರಮ್ಮ?"

"ನಾನು."

"ಅಮ್ಮ?"

"ಹಾಲು ಕುಡಿಸೋವಾಗ."

"ಸ್ಕೂಲಿಗೆ ಹೋಗ್ತೀಯ ತಾನೆ?"

"ಹೋಗ್ತೀನಿ. ಇವನು ನಿದ್ದೆ ಮಾಡಿದ್ರೆ."

"ಆಟ ಯಾವಾಗ ಆಡ್ತೀಯ?"

"ಇವನ್ನ ಆಡಿಸ್ತೀನಲ್ಲ."

"ಅವನು ಆಡ್ತಾನೆ. ನೀನು?"

ಗುಬ್ಬಿ ಅಮ್ಮನ ಮುಖ ನೋಡಿದಳು. ಏನೋ ತಪ್ಪು ಉತ್ತರ ಹೇಳಿದೆ ಎಂಬ ಗಾಬರಿ. "ನಾನು ಆಡಿಸೋಳು" ಎಂದಳು.

ತಾಯಿ ಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿದಳು. "ನಾವೇನು ಬೇಕೂ ಅಂತ ಮಾಡ್ತೀವಾ? ಇದನ್ನೆಲ್ಲ ಬರ್ಕೊಂಡ್ರೆ ಯಾರಾದ್ರೂ ಬಂದು ಇವನ್ನ ಎತ್ಕೋತಾರಾ, ಹೇಳಿ."

"ಇಲ್ಲ ಕಣಮ್ಮ. ಬರ್ಕೊಂಡು ಹೋಗ್ತೀನಿ, ಅಷ್ಟೆ."

ಬರೆಯಲು ಕೈ ಬೇಕಾಗಿತ್ತು. ಹುಡುಗನನ್ನು ಇಳಿಸಲು ಹೋದರೆ ರಾಗ ತೆಗೆದ. ಗುಬ್ಬಿ ಬಂದು, ಯಾರೂ ಹೇಳದೆಯೇ, ಅವನನ್ನು ಮತ್ತೆ ಅದೇ ಜಾಗಕ್ಕೆ ಏರಿಸಿಕೊಂಡಳು. ದೊಡ್ಡಮ್ಮ ಗೋಡೆಗೆ ಹಾಳೆ ಒತ್ತಿ ಹಿಡಿದು 'ಆಟ'ವನ್ನು ಹೊಡೆದು ಹಾಕಿದಳು.

ಉಳಿದ ಮನೆಗಳೂ ಹೀಗೇ ಮುಗಿದವು. ಕೆಲವು ಕಡೆ ಕೂತ್ಕೊಳ್ಳಿ ಎಂದರು, ಕೆಲವು ಕಡೆ ಬಾಗಿಲನ್ನೇ ಪೂರ್ತಿ ತೆರೆಯಲಿಲ್ಲ. ಓಣಿಯ ಕೊನೆಯಲ್ಲಿ ಮುಚ್ಚಿದ ಅಂಗಡಿಯೊಂದರ ಮೆಟ್ಟಿಲ ಮೇಲೆ ದೊಡ್ಡಮ್ಮ ಕುಸಿದು ಕೂತಳು.

"ಚಿಕ್ಕೋಳಿದ್ದಾಗ ನನ್ನ ಲಂಗ ಹೊಲಿಯೋ ದರ್ಜಿ ಬಲಗಡೆ ಅಂಚು ಉದ್ದ ಬಿಡ್ತಿದ್ದ ಕಣೆ. ಇಲ್ದಿದ್ರೆ ಆ ಕಡೆ ಮೇಲೆ ಹೋಗೋದು. ನನ್ನ ನಡಿಗೇನೇ ಹಾಗೆ ಅಂದ್ಕೊಂಡಿದ್ದೆ ಇಷ್ಟು ವರ್ಷ." ಅವಳ ರೆಕ್ಸಿನ್ ಚೀಲ ಈಗಲೂ ಅದೇ ಬಲಸೊಂಟಕ್ಕೆ ಆತುಕೊಂಡಿತ್ತು. "ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ. ಹೊತ್ತವರಿಗೆ ಏನು ಅಂತ ಯಾರೂ ಗಾದೆ ಕಟ್ಟಿಲ್ಲ ನೋಡು."

"ಅಮ್ಮನ ಮೇಲೆ ಬೇಜಾರಾ?"

"ಅದಕ್ಕೇನು ಗೊತ್ತಿತ್ತು, ಕೂಸು. ಯಾರ ಮೇಲೂ ಇಲ್ಲ. ಸುಸ್ತು, ಅಷ್ಟೆ. ಅವತ್ತಿನ ಸುಸ್ತೂ ಇವತ್ತೇ ಬಂದ ಹಾಗಿದೆ."

ಶನಿವಾರ ಹಾಳೆಗಳು ಪಾಸಾದವು. ಮೇಡಂ ಹೆಚ್ಚೇನೂ ಕೇಳದೆ ಸಹಿ ಹಾಕಿ, ಮುಂದಿನ ಸರ್ವೆಗೂ ನೀವೇ ಬನ್ನಿ ಆಂಟಿ ಎಂದರಂತೆ. ಅದನ್ನು ಹೇಳಲು ದೊಡ್ಡಮ್ಮ ಸಂಜೆ ನಮ್ಮ ಮನೆಗೆ ಬಂದಳು. ಚಪ್ಪಲಿಯ ಸದ್ದು ಕೇಳಿ ನಾನು ರೂಢಿಯಂತೆ ಮಗುವನ್ನು ಎತ್ತಿ ಮುಂದೆ ಚಾಚಿದೆ. ಮಗುವೂ ಅವಳತ್ತ ಜಿಗಿಯಿತು.

ದೊಡ್ಡಮ್ಮ ಚೀಲವನ್ನು ಸೊಂಟದಿಂದ ತೆಗೆದು ಕೆಳಗಿಟ್ಟಳು. ಗೋಡೆಗೆ ಒರಗಿ ಕಾಲು ಚಾಚಿದಳು.

"ಇವತ್ತು ಬೇಡ ಕಣೆ. ಇವತ್ತು ನೀನೇ ಎತ್ಕೊಂಡಿರು."

ಮಗು ಒಂದಿಷ್ಟು ಹೊತ್ತು ಅವಳತ್ತ ಕೈ ಆಡಿಸಿ, ಆಮೇಲೆ ನನ್ನ ಹೆಗಲಿಗೆ ತಲೆಯಿಟ್ಟಿತು. ನಾನು ಒಂದೇ ಕೈಯಲ್ಲಿ ಚಹಾಕ್ಕೆ ನೀರಿಟ್ಟೆ. ಬಟ್ಟೆ ಬಕೆಟ್ಟಿನಲ್ಲಿ ನೆನೆಯುತ್ತಲೇ ಇತ್ತು. ನೆನೆಯಲಿ.