ಗೇರು ಬೀಳದ ಮೋಟಾರು

ಮೋಟಾರು ಕೆಟ್ಟದ್ದು ನನ್ನ ಕೈಯಿಂದಲೇ ಎಂದು ಕಾಕಾ ಅಂದ ದಿನ ನಾನು ಅರ್ಧ ಊಟಕ್ಕೇ ಎದ್ದಿದ್ದೆ. ನೇರ ಅಂಗಳಕ್ಕೆ ಹೋಗಿ ಗಾಡಿಯ ಬಾಗಿಲಿಗೆ ಒಂದು ಗುದ್ದು ಕೊಟ್ಟೆ. ನೋವಾದದ್ದು ನನ್ನ ಕೈಗೇ.

ಅರವತ್ತರ ದಶಕದ ಮೊದಲ ವರ್ಷಗಳು. ನಮ್ಮ ಮನೆ ಬೈರಿದೇವರಕೊಪ್ಪದಲ್ಲಿ, ಧಾರವಾಡದ ರಸ್ತೆಗೆ ಹತ್ತಿರ. ಅಪ್ಪ, ಅವ್ವ ತೀರಿದ ಮೇಲೆ ನನ್ನನ್ನು ಸಾಕಿದವರು ಅಪ್ಪನ ತಮ್ಮ, ಅಂದರೆ ಕಾಕಾ, ಮತ್ತು ಅವರ ಹೆಂಡತಿ, ನನ್ನ ಚಿಗವ್ವ. ಕಾಕಾ ಕಾಳಿನ ವ್ಯಾಪಾರಿ. ಸುಳ್ಳ, ಹೆಬ್ಬಳ್ಳಿ ಕಡೆಯ ರೈತರಿಂದ ಶೇಂಗಾ, ಜೋಳ ಕೊಂಡು ಹುಬ್ಬಳ್ಳಿ ಪೇಟೆಗೆ ತರಲು ಒಂದು ಹಳೆಯ ಪಿಕಪ್ ಗಾಡಿ ಇಟ್ಟಿದ್ದರು. ಮನೆಯಲ್ಲಿ ಎಲ್ಲರೂ ಅದನ್ನು ಮೋಟಾರು ಎನ್ನುತ್ತಿದ್ದೆವು. ಹಳೆಯ ಡ್ರೈವರು ನನಗೆ ಓಡಿಸಲು ಕಲಿಸಿ, ದಸರೆಗೆಂದು ತನ್ನ ಊರಿಗೆ ಹೋದವನು ಅಲ್ಲೇ ಉಳಿದುಬಿಟ್ಟ. ಗಾಡಿ ನನ್ನ ಪಾಲಿಗೆ ಬಂತು. ಆ ಸೀಟಿನಲ್ಲಿ ಕೂತೆನೆಂದರೆ ನನಗೆ ಹಸಿವೆ, ನೀರಡಿಕೆ ಯಾವುದೂ ನೆನಪಾಗುತ್ತಿರಲಿಲ್ಲ.

ಖಂಡೇಪೂಜೆಯ, ಅಂದರೆ ಆಯುಧಪೂಜೆಯ, ದಿನ ಚಿಗವ್ವ ಮೋಟಾರಿನ ಹಣೆಗೆ ವಿಭೂತಿ ಬಳಿದು ಒಂದು ಕಟ್ಟಪ್ಪಣೆ ಮಾಡಿದಳು. “ಇದು ಮನೀ ಲಕ್ಷ್ಮಿ. ಇನ್ನ ಮ್ಯಾಲೆ ಯಾರೂ ಚಪ್ಪಲಿ ಮೆಟ್ಟಿ ಹತ್ತಬಾರದು.” ಸರಿ, ಬರಿಗಾಲಲ್ಲಿ ಓಡಿಸಿದೆ. ಎಂಜಿನ್ನಿನ ಕಾವಿಗೆ ತಳದ ತಗಡು ಹಂಚಿನಂತೆ ಕಾಯುತ್ತಿತ್ತು. ಕೆಂಪಾದ ನನ್ನ ಅಂಗಾಲು ನೋಡಿ ಅವಳ ಜೀವ ಚುರ್ ಎಂದಿತು. ತನ್ನ ಮದುವೆಯ ಇಳಕಲ್ ಸೀರೆ ಸೇರಿಸಿ ಹೊಲಿದಿದ್ದ ಕೌದಿಯೊಂದನ್ನು ತಂದು, ಮಡಿಕೆ ಮಾಡಿ, ನನ್ನ ಕಾಲ ಕೆಳಗೆ ಹಾಸಿದಳು. ನಾನು ಮಹಾರಾಜನಂತೆ ಓಡಾಡಿದೆ.

ಅದೇ ವಾರ ಗೇರು ಮುನಿಸಿಕೊಂಡಿತು. ಕ್ಲಚ್ ಒತ್ತಿ ಮೊದಲನೆಯ ಗೇರಿಗೆ ಹಾಕಹೋದರೆ ಕರಕರ ಹಲ್ಲು ಕಡಿಯುತ್ತಿತ್ತು. ರಿವರ್ಸ್ ಹಾಕಲು ಎರಡೂ ಕೈ ಬೇಕು. ಪೇಟೆಯ ಹಮಾಲರಿಗೆ ಅದೇ ಹಬ್ಬ. “ಸಾವ್ಕಾರ್ರ ಮೋಟಾರ ಒಳಗ ಶೇಂಗಾ ಹುರ್ಯಾಕತ್ತೈತಿ, ಒಂದೀಟ ನಮಗೂ ಕೊಡ್ರಿ” ಎಂದು ಕೂಗುತ್ತಿದ್ದರು. ಹುಬ್ಬಳ್ಳಿಯ ಮಿಸ್ತ್ರಿಯೊಬ್ಬ ಹೊರಗೆ ನಿಂತು ಸಪ್ಪಳ ಕೇಳಿ, ಗೇರ್ ಬಾಕ್ಸಿನ ಹಲ್ಲು ಹೋಗಿವೆ, ಇಳಿಸಿ ಬಿಚ್ಚಬೇಕು ಎಂದ. ಶೇಂಗಾ ಸುಗ್ಗಿಯಲ್ಲಿ!

“ಗಾಡ್ಯಾಗ ಏನೋ ಐತ್ರಿ ಕಾಕಾ, ನಂದೇನೂ ತಪ್ಪಿಲ್ಲ” ಎಂದೆ.

“ಕುಣೀಲಾರದಾಕಿ ನೆಲಾ ಡೊಂಕು ಅಂದ್ಲಂತ” ಎಂದರು ಕಾಕಾ. “ಡ್ರೈವರ್ ಇದ್ದಾಗ ಒಂದಿನಾರ ಹಿಂಗ ಒದರಿತ್ತೇನು? ಸೋಮವಾರ ಮಿಸ್ತ್ರಿ ಬರ್ತಾನ. ರಿಪೇರಿ ಆದಮ್ಯಾಲೆ ಬ್ಯಾರೆ ಡ್ರೈವರ್ನ ಇಡ್ತೇನಿ. ನೀ ಅಂಗಡ್ಯಾಗ ತಕ್ಕಡಿ ಹಿಡಿ.”

ತಕ್ಕಡಿ! ಆ ಮಾತಿಗೇ ನಾನು ಊಟ ಬಿಟ್ಟು ಎದ್ದದ್ದು.

ಭಾನುವಾರ ಕಾಕಾ ಧಾರವಾಡಕ್ಕೆ ಯಾರದೋ ನಿಶ್ಚಯಕ್ಕೆ ಹೋದರು. ಚಿಗವ್ವ ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಿದ್ದಳು. ನಾನು ಗಾಡಿ ಹತ್ತಿದೆ. ಮೊದಲು ಎಂಜಿನ್ ಬಂದ್ ಇಟ್ಟುಕೊಂಡೇ ಗೇರು ಹಾಕಿ ನೋಡಿದೆ. ಒಂದು, ಎರಡು, ಮೂರು, ರಿವರ್ಸ್, ಎಲ್ಲ ಬೆಣ್ಣೆಯಲ್ಲಿ ಬೆರಳಿಟ್ಟ ಹಾಗೆ ಬಿದ್ದವು. ಚಾಲೂ ಮಾಡಿದೆ, ಮತ್ತೆ ಕರಕರ. ಹಲ್ಲು ಹೋಗಿದ್ದರೆ ಎಂಜಿನ್ ಬಂದ್ ಇದ್ದಾಗಲೂ ತೊಡಕಾಗಬೇಕಿತ್ತಲ್ಲ? ತಪ್ಪು ಗೇರಿನದಲ್ಲ, ಕ್ಲಚ್ಚಿನದು!

ಕ್ಲಚ್ಚು ಕಾಡುವುದು ಎರಡು ಥರ: ಹಿಡಿಯಬೇಕಾದಾಗ ಎಂಜಿನ್ನನ್ನು ಹಿಡಿಯುವುದಿಲ್ಲ, ಇಲ್ಲವೇ ಬಿಡಬೇಕಾದಾಗ ಬಿಡುವುದಿಲ್ಲ. ಗಾಲಿಗಳಿಗೆ ಕಲ್ಲು ಕೊಟ್ಟು, ಬ್ರೇಕು ಜಗ್ಗಿ, ಹೇಗೋ ಮಾಡಿ ದೊಡ್ಡ ಗೇರಿಗೆ ಹಾಕಿ ಕ್ಲಚ್ ಬಿಟ್ಟೆ. ಗಾಡಿ ಒಮ್ಮೆ ಜಗ್ಗಿ ಎಂಜಿನ್ ಬಂದ್ ಆಯಿತು. ಅಂದರೆ ಹಿಡಿತ ಗಟ್ಟಿ. ಬಿಡುತ್ತಿಲ್ಲ, ಅಷ್ಟೇ! ನಾನು ಸೀಟಿನಲ್ಲೇ ಚಪ್ಪಾಳೆ ತಟ್ಟಿದೆ. ಯಾಕೆ ಬಿಡುತ್ತಿಲ್ಲ ಎಂಬುದನ್ನು ಕೆಳಗೆ ಹೊಕ್ಕೇ ನೋಡಬೇಕು, ಮೇಲೆ ಯಾರಾದರೂ ಪೆಡಲ್ ಒತ್ತಬೇಕು.

“ಚಿಗವ್ವಾ, ಲಗೂ ಬಾ, ಮೋಟಾರ ಹತ್ತು!”

“ಹುಚ್ಚಗಿಚ್ಚ ಹಿಡದೈತೇನು ನಿನಗ?” ಎಂದಳು. ಆದರೆ ಮೊರ ಕೆಳಗಿಟ್ಟು, ಸೆರಗು ಸಿಗಿಸಿ, ಹತ್ತಿ ಕೂತೇಬಿಟ್ಟಳು. ಎಡಗಡೆಯದನ್ನು ಒತ್ತಬೇಕೆಂದು ತೋರಿಸಿ ನಾನು ಗಾಡಿಯ ಕೆಳಗೆ ಅಂಗಾತ ಮಲಗಿದೆ. ಅವಳು ಒತ್ತಿದಳು. ಪೆಡಲಿನಿಂದ ಕ್ಲಚ್ಚಿಗೆ ಹೋಗುವ ಸಲಾಕೆ ಸರಸರ ಸರಿದು ಅರ್ಧಕ್ಕೇ ನಿಂತಿತು.

“ಪೂರಾ ಒತ್ತು!”

“ಪೂರಾನ ಒತ್ತೇನೋ ಯಪ್ಪಾ. ಇನ್ನ ಎಲ್ಲಿ ಒತ್ಲಿ?”

“ತಳಾ ಹತ್ತೇತೇನು?”

“ಹತ್ತೇತಿ. ಮೆತ್ತಗ ಹತ್ತೇತಿ.”

ಮೆತ್ತಗೆ? ತಗಡು ಮೆತ್ತಗೆ ಹೇಗೆ ಹತ್ತೀತು? ಮೊಣಕೈ ತರಚಿದ್ದೂ ತಿಳಿಯದಂತೆ ತೆವಳಿ ಹೊರಬಂದೆ. ಚಿಗವ್ವ ಪೆಡಲಿನ ಮೇಲೆ ಕಾಲಿಟ್ಟುಕೊಂಡೇ ಕೆಳಗೆ ನೋಡುತ್ತಿದ್ದಳು. ಅವಳಿಗೆ ಆಗಲೇ ತಿಳಿದಿತ್ತು. ಪೆಡಲಿನ ಕೆಳಗೆ ಅವಳ ಕೌದಿಯ ಮಡಿಕೆಗಳು.

ನಾನು ಕೌದಿ ಜಗ್ಗಿ ತೆಗೆದೆ. ಚಾಲೂ ಮಾಡಿ ಕ್ಲಚ್ ಒತ್ತಿದೆ. ಪೆಡಲು ತಗಡಿನವರೆಗೂ ಇಳಿಯಿತು. ಗೇರು ಉಸಿರೆತ್ತದೆ ಬಿತ್ತು. ರಿವರ್ಸ್ ಕೂಡ! ನಾನು ಕೆಳಗೆ ಹಾರಿ ಚಿಗವ್ವನ ಎರಡೂ ಕೈ ಹಿಡಿದು ಅಂಗಳದಲ್ಲಿ ಕುಣಿದೆ. ಅವಳೂ ನಕ್ಕಳು, ಆಮೇಲೆ ನಗು ನಿಂತಿತು.

“ನಿನ್ನ ಕೆಲಸಾ ಕಳ್ಯಾಕತ್ತಿದ್ನಲ್ಲೋ ನಾನು.”

“ಕಾಕಾಗ ಹೇಳೂದು ಬ್ಯಾಡ. ಯಾವದೋ ನಟ್ ಸಡಲಾಗಿತ್ತು ಅಂತೇನಿ” ಎಂದೆ.

“ಹಂಗಂದ್ರ ನೀನ ಸಡಲ ಮಾಡಿದ್ದಿ ಅಂತಾರ. ಸುಮ್ನಿರು, ನಾ ಹೇಳ್ತೇನಿ.”

ಸಂಜೆ ಕಾಕಾ ಬಂದರು. ಚಿಗವ್ವ ಕೌದಿಯನ್ನು ಕೈಮೇಲೆ ಹಾಕಿಕೊಂಡು ಬಾಗಿಲಲ್ಲೇ ನಿಂತು ಎಲ್ಲವನ್ನೂ ಹೇಳಿದಳು. ಕಾಕಾ ನನ್ನನ್ನು ಗಾಡಿಗೆ ಹತ್ತಿಸಿದರು. ಚಪ್ಪಲಿ ಬಿಟ್ಟು ನನ್ನ ಪಕ್ಕದ ಸೀಟಿಗೆ ಹತ್ತಿ, “ಚಾಲೂ ಮಾಡು” ಎಂದರು. ರಿವರ್ಸಿನಲ್ಲಿ ಗಾಡಿ ಹೊರತೆಗೆದು ಉಣಕಲ್ಲಿನ ಕಡೆ ಹೊಡೆದೆ. ಒಂದೊಂದು ಗೇರಿಗೂ ಅವರು ಕಿವಿ ಕೊಟ್ಟು ಕಾಯುತ್ತಿದ್ದರು. ಮರಳಿ ಅಂಗಳಕ್ಕೆ ಬಂದೆವು.

“ನೆಲಾನ ಡೊಂಕ ಇತ್ತು, ಬಿಡು” ಎಂದರು ಇಳಿಯುತ್ತ. “ಮಿಸ್ತ್ರಿಗೆ ಬರಬ್ಯಾಡ ಅಂತ ಹೇಳಿ ಬಾ. ನಾಳೆ ಸುಳ್ಳಕ್ಕ ನೀನ ಹೋಗು.”

ಬೆಳಗಾಗುವುದನ್ನೇ ಕಾದು ಸುಳ್ಳಕ್ಕೆ ಹೊರಟವನು ಗಾಡಿಯ ಬಾಗಿಲು ತೆಗೆದು ನಿಂತುಬಿಟ್ಟೆ. ಕೌದಿ ಮತ್ತೆ ಅಲ್ಲಿತ್ತು. ಪೆಡಲುಗಳ ಕೆಳಗಿನಷ್ಟು ಭಾಗವನ್ನು ಚಿಗವ್ವ ಕತ್ತರಿಸಿ ತೆಗೆದು, ಸುತ್ತ ಹೊಸದಾಗಿ ಹೊಲಿಗೆ ಹಾಕಿದ್ದಳು. ಕತ್ತರಿ ಆಡಿದ್ದು ಸರಿಯಾಗಿ ಆ ಇಳಕಲ್ ಸೀರೆಯ ಕೆಂಪು ಸೆರಗಿನ ಮೇಲೆ.

“ಯಾಕ ಕತ್ತರಿಸಿದಿ ಚಿಗವ್ವಾ?” ಎಂದೆ.

“ಕಾಲ ಸುಡತಾವಲ್ಲೋ. ಹತ್ತಿ ಕೂಡು, ಒತ್ತಿ ನೋಡು.”

ಒತ್ತಿದೆ. ತಳದ ತಗಡು ಠಣ್ ಎಂದಿತು. ಆ ಸಪ್ಪಳ ಕೇಳಿದ ಮೇಲೆಯೇ ಅವಳು ಬಾಗಿಲಿನಿಂದ ಕೈ ತೆಗೆದಳು.