ನಗೋದಕ್ಕೂ ಒಂದು ಮಾತ್ರೆಯಾ?

ಹೊಲಿಗೆ ಅಂಗಡಿಯಲ್ಲಿ ಅವಳನ್ನು ಎಲ್ಲರೂ ಕಾಜಾ ಅಕ್ಕ ಎನ್ನುತ್ತಿದ್ದರು. ಗುಂಡಿ ತೂರುವ ಕಾಜಾಗಳನ್ನು ಕೈಯಲ್ಲೇ ಹೊಲಿಯುವುದು ಅವಳ ಕೆಲಸ. ಅಂಗಿ ಹರಿದು ಒರೆಸುವ ಬಟ್ಟೆಯಾದರೂ ಅವಳ ಕಾಜಾ ಮಾತ್ರ ಬಿಚ್ಚುತ್ತಿರಲಿಲ್ಲ. ಮನೆಯಲ್ಲಿ ಅತ್ತೆ ಇಟ್ಟ ಹೆಸರೇ ಬೇರೆ, ಕುಂಭಕರ್ಣನ ತಂಗಿ. ಆ ತಂಗಿ ಯಾರೆಂಬುದು ಅತ್ತೆಗೆ ಚೆನ್ನಾಗಿ ಗೊತ್ತಿತ್ತು, ಅದಕ್ಕೇ ಹಾಗೆ ಕರೆಯುತ್ತಿದ್ದರು.

ನಿದ್ದೆಯೆಂದರೆ ಅದೆಂಥ ಹಾಳು ನಿದ್ದೆ! ರಾತ್ರಿಯೆಲ್ಲ ಮಲಗಿ ಎದ್ದವಳು ಹಾಲನ್ನು ಒಲೆಯ ಮೇಲಿಟ್ಟು ನಿಂತಲ್ಲೇ ತೂಕಡಿಸುವಳು. ಬಸ್ಸಿನ ಕಂಬಿ ಹಿಡಿದು ನಿದ್ದೆ, ತುತ್ತು ಬಾಯಲ್ಲಿಟ್ಟುಕೊಂಡು ನಿದ್ದೆ, ಸೂಜಿ ಹಿಡಿದೂ ನಿದ್ದೆ. ಒಮ್ಮೆ ಬೆರಳಿಗೆ ಚುಚ್ಚಿಕೊಂಡು ಯಾರದೋ ಬಿಳಿ ಅಂಗಿಗೆ ರಕ್ತ ಮಾಡಿದಳು. ಅಂಗಡಿಯ ಮಾಸ್ಟರ್ ಒಳ್ಳೆಯವರೇ, ಆದರೆ ಅವರಿಗೂ ಸಾಕಾಗಿತ್ತು.

"ಅಕ್ಕಾ, ಇನ್ನೊಂದು ಅಂಗಿ ಹೀಗಾದ್ರೆ ಗಿರಾಕಿ ನನ್ನ ಚರ್ಮ ಸುಲೀತಾನೆ. ಎಲ್ಲಾದ್ರೂ ತೋರಿಸ್ಕೊಳ್ಳಿ" ಎಂದರು.

ನಿದ್ದೆಯದು ಒಂದು ಕಥೆಯಾದರೆ ನಗುವಿನದು ಇನ್ನೊಂದು. ಮನಸಾರೆ ನಕ್ಕರೆ ಬೀಳುತ್ತಿದ್ದಳು. ಮೊಣಕಾಲು ಸಡಿಲವಾಗಿ, ದವಡೆ ಜೋತುಬಿದ್ದು, ನಿಂತಲ್ಲೇ ಕುಸಿಯುವಳು. ಪ್ರಜ್ಞೆ ತಪ್ಪುತ್ತಿರಲಿಲ್ಲ. ಎಲ್ಲ ಕೇಳಿಸುವುದು, ಎಲ್ಲ ತಿಳಿಯುವುದು, ನಾಲಿಗೆ ಮಾತ್ರ ಹೊರಳದು. ತುಸು ಹೊತ್ತಿಗೆ ತಾನೇ ಸರಿಹೋಗುವಳು. ಬಿದ್ದು ಬಿದ್ದು ನಕ್ಕರು ಅಂತ ಜನ ಮಾತಿಗೆ ಹೇಳುತ್ತಾರೆ, ಇವಳಿಗೆ ಅದು ಅಕ್ಷರಶಃ ನಿಜ. ಕೊನೆಗೆ ನಗುವುದನ್ನೇ ಬಿಟ್ಟಳು.

ಅಂಥವಳ ಹೊಟ್ಟೆಯಲ್ಲಿ ಹುಟ್ಟಿದ ಮಗಳೋ, ಮಹಾ ಕಿಲಾಡಿ! ಗೇಣುದ್ದ ಇದ್ದಾಗಲೇ ಅಜ್ಜಿ ಗೊಣಗುವುದನ್ನು, ಕಂಡಕ್ಟರ್ ಚಿಲ್ಲರೆಗೆ ಸಿಡುಕುವುದನ್ನು ಮಾಡಿ ತೋರಿಸುವಳು. ನೆರೆಮನೆಯವರೆಲ್ಲ ಹೊಟ್ಟೆ ಹಿಡಿದುಕೊಳ್ಳುವರು. ತಾಯಿ ಮಾತ್ರ ಕೆನ್ನೆಯನ್ನು ಒಳಗಿನಿಂದ ಕಚ್ಚಿಕೊಂಡು ಗೋಡೆ ನೋಡುವಳು. ಒಂದು ದಿನ ಹುಡುಗಿ ಹತ್ತಿರ ಬಂದು ಕೇಳಿಯೇಬಿಟ್ಟಳು.

"ಅಮ್ಮಾ, ನಾನಂದ್ರೆ ನಿಂಗೆ ಇಷ್ಟ ಇಲ್ವಾ?"

ತಾಯಿ ಮಗಳನ್ನು ಬರಸೆಳೆದು ಅಪ್ಪಿಕೊಂಡಳು. ಅವತ್ತೇ ಗಂಡನ ಬೆನ್ನು ಬಿದ್ದಳು. "ರೀ, ನನ್ನನ್ನ ದೊಡ್ಡಾಸ್ಪತ್ರೆಗೆ ಕರ್ಕೊಂಡು ಹೋಗಿ" ಎಂದಳು.

ಗಂಡ ಬೀಗ ರಿಪೇರಿಯವನು. ಎಂಥ ಬೀಗವನ್ನಾದರೂ ಬಿಚ್ಚುತ್ತಿದ್ದ, ಹೆಂಡತಿಯ ಮನಸ್ಸಿನ ಗೊಡವೆಗೆ ಮಾತ್ರ ಹೋದವನಲ್ಲ. ಅವಳ ಕೆಲಸ ಹೋದೀತೆಂಬ ಭಯಕ್ಕೆ ಕರೆದುಕೊಂಡು ಹೋದ. ಅಲ್ಲಿ ತಲೆಗೆ ವೈರು ಅಂಟಿಸಿ, ಮಲಗಿಸಿ, ಎಬ್ಬಿಸಿ, ಮತ್ತೆ ಮಲಗಿಸಿ ಪರೀಕ್ಷೆ ಮಾಡಿದರು. ಆಮೇಲೆ ಡಾಕ್ಟರಮ್ಮ ಇಬ್ಬರನ್ನೂ ಕೂರಿಸಿ ಬಿಡಿಸಿ ಹೇಳಿದರು.

"ಇದು ಸೋಮಾರಿತನ ಅಲ್ಲ, ಕಾಯಿಲೆ. ಬೆಳಗ್ಗೆ ತಗೊಳ್ಳೋಕೆ ಎಚ್ಚರದ ಮಾತ್ರೆ ಇದೆ. ಮೊದಮೊದಲು ತಲೆನೋವು ಬರಬಹುದು, ಹಸಿವು ಕಡಿಮೆಯಾಗಬಹುದು. ಇದಕ್ಕೆ ಬಗ್ಗದಿದ್ರೆ ಇನ್ನೂ ಜೋರಾದ ಮಾತ್ರೆ ಇದೆ, ಆದ್ರೆ ಅದಕ್ಕೆ ಎದೆಬಡಿತ, ಬೀಪಿ ನೋಡ್ತಾ ಇರ್ಬೇಕು. ಮಧ್ಯಾಹ್ನ ಸ್ವಲ್ಪ ಹೊತ್ತು ಮಲಗೋಕೂ ಬಿಡಿ. ಇನ್ನು ನಕ್ಕಾಗ ಬೀಳ್ತಾರಲ್ಲ, ಅದಕ್ಕೆ ಬೇರೆ ಮಾತ್ರೆ ಬೇಕು. ಮನಸ್ಸು ಕುಗ್ಗಿದವರಿಗೆ ಕೊಡೋದೇ, ಅದು ಬೀಳೋದನ್ನೂ ತಡೆಯುತ್ತೆ."

ಗಂಡನ ಕಿವಿ ನೆಟ್ಟಗಾಯಿತು. "ಹುಚ್ಚರಿಗೆ ಕೊಡೋದಾ?"

"ಹುಚ್ಚಲ್ಲಪ್ಪ, ಇದಕ್ಕೂ ಅದೇ ಕೆಲಸ ಮಾಡುತ್ತೆ ಅಷ್ಟೆ."

"ಬೇಡ ಮೇಡಂ, ಎಚ್ಚರದ್ದು ಬರೀರಿ ಸಾಕು. ಕೆಲಸಕ್ಕೆ ಹೋಗ್ಬೇಕಲ್ಲ. ನಗೋದಕ್ಕೂ ಒಂದು ಮಾತ್ರೆಯಾ? ನಗದೇ ಇದ್ರಾಯ್ತು."

ಡಾಕ್ಟರಮ್ಮ ಅವನನ್ನು ಬಿಟ್ಟು ಅವಳ ಕಡೆ ತಿರುಗಿ, "ನೀವೇನಂತೀರಮ್ಮಾ?" ಎಂದರು.

ಬೇಕು ಅನ್ನಬೇಕಿತ್ತು, ಎರಡೇ ಅಕ್ಷರ. ಹಾಳು ನಿದ್ದೆ, ಅದೇ ಹೊತ್ತಿಗೆ ಬಂದು ಕಣ್ಣಿಗೆ ಕೂತಿತ್ತು! ಕುರ್ಚಿಯಲ್ಲಿ ಕತ್ತು ವಾಲಿಸಿ ಗೊರಕೆ ಹೊಡೆಯುತ್ತಿದ್ದಳು. "ನೋಡಿದ್ರಾ?" ಎಂದು ಗಂಡ ಹಲ್ಲು ಕಿರಿದ. ಡಾಕ್ಟರಮ್ಮ ಎರಡನ್ನೂ ಬರೆದುಕೊಟ್ಟರು, ಅವನು ಒಂದನ್ನೇ ತಂದ.

ಎಚ್ಚರದ ಮಾತ್ರೆ ಕೆಲಸ ಮಾಡಿತು. ಹಾಲು ಉಕ್ಕುವುದು ನಿಂತಿತು, ಅಂಗಿಗೆ ರಕ್ತವಾಗುವುದು ನಿಂತಿತು, ಮಾಸ್ಟರ್ ಮುಖ ಅರಳಿತು. ಅತ್ತೆಯ ಮುಖ ಇನ್ನೂ ಅರಳಿತು. "ಈಗ ಎಚ್ಚರ ಇದ್ದೀಯಲ್ಲ" ಎಂದು ಪಾತ್ರೆ, ಬಟ್ಟೆ, ನೀರು, ಎಲ್ಲವನ್ನೂ ಅವಳ ತಲೆಗೇ ಕಟ್ಟಿದರು. ಮಧ್ಯಾಹ್ನದ ನಿದ್ದೆಯ ಮಾತೆತ್ತಿದರೆ, "ಮಾತ್ರೆ ನುಂಗಿದ ಮೇಲೂ ಮಲಗೋದಾ?" ಎನ್ನುವರು.

ಒಂದು ದಿನ ಧೈರ್ಯ ಮಾಡಿ, ಆ ಇನ್ನೊಂದು ಮಾತ್ರೆಯನ್ನೂ ತಂದುಕೊಡಿ ಎಂದಳು. ಗಂಡನಿಗಿಂತ ಮೊದಲು ಅತ್ತೆ ಬಾಯಿ ಹಾಕಿದರು.

"ನಗೋ ಹೆಂಗಸನ್ನ, ಅಳೋ ಗಂಡಸನ್ನ ನಂಬಬಾರದು ಅಂತಾರೆ. ಹುಚ್ಚಿನ ಮಾತ್ರೆ ತಗೋತಾಳೆ ಅಂತ ಸುದ್ದಿಯಾದ್ರೆ ನಾಳೆ ನಿನ್ನ ಮಗಳನ್ನ ಯಾರು ಮಾಡ್ಕೋತಾರೆ?"

ಮಗಳ ಹೆಸರೆತ್ತಿದ ಮೇಲೆ ಅವಳು ಎದ್ದು ಪಾತ್ರೆ ತಿಕ್ಕಲು ಹೋದಳು. ಥೂ, ಆ ಮಗಳಿಗೋಸ್ಕರವೇ ಅಲ್ಲವೇ ಅವಳು ಕೇಳಿದ್ದು!

ಮುಂದೆ ಒಂದು ಸಂಜೆ ಮಗಳು ಶಾಲೆಯಿಂದ ಕುಣಿಯುತ್ತ ಬಂದಳು. "ಅಮ್ಮಾ, ಇವತ್ತು ನಮ್ಮ ಟೀಚರ್ ಕುರ್ಚಿ..." ಎಂದು ಶುರುಮಾಡಿ ತಟ್ಟನೆ ನಿಲ್ಲಿಸಿದಳು. ತಾಯಿಯ ಕಾಯಿಲೆ ಏನೆಂದು ಈಗ ಅವಳಿಗೂ ಗೊತ್ತಿತ್ತು. "ಬೇಡ ಬಿಡು, ನೀನು ಬಿದ್ದುಹೋಗ್ತೀಯ."

ಕಾಜಾ ಅಕ್ಕ ಒಳಗಿನಿಂದ ದಿಂಬು ತಂದು, ಗೋಡೆಗಾನಿಸಿ, ನೆಲದ ಮೇಲೆ ಕಾಲು ಚಾಚಿ ಕೂತಳು. "ಬಿದ್ರೆ ದಿಂಬಿನ ಮೇಲೇ ತಾನೇ ಬೀಳೋದು? ಹೇಳು ಕಣೇ" ಎಂದಳು.

ಹುಡುಗಿಯ ಕಣ್ಣು ಹೊಳೆಯಿತು. ಟೀಚರ್ ಮೂಗಿನಲ್ಲಿ ಮಾತಾಡುವುದು, ಸೀರೆಯ ಸೆರಗು ಕುರ್ಚಿಯ ಮೊಳೆಗೆ ಸಿಕ್ಕಿಕೊಂಡದ್ದು, ಗೊತ್ತಾಗದೆ ಕುರ್ಚಿಯನ್ನೇ ಎಳೆದುಕೊಂಡು ಬೋರ್ಡಿನ ಕಡೆ ನಡೆದದ್ದು... ತಾಯಿ ನಕ್ಕಳು. ಎಷ್ಟೋ ವರ್ಷದ್ದೆಲ್ಲ ಸೇರಿಸಿ ಬಾಯ್ತುಂಬ ನಕ್ಕಳು. ನಕ್ಕವಳೇ ಪಕ್ಕಕ್ಕೆ ವಾಲಿದಳು.

ಅಷ್ಟರಲ್ಲಿ ಗಂಡ ಒಳಗೆ ಬಂದ. ನೆಲದ ಮೇಲಿದ್ದ ಹೆಂಡತಿಯನ್ನು ನೋಡಿದ, ಮಗಳ ರಟ್ಟೆ ಹಿಡಿದೆಳೆದ.

"ನೋಡು, ನಿಮ್ಮಮ್ಮ ಬಿದ್ದಿದ್ದು ನಿನ್ನಿಂದ. ಇನ್ನೊಂದ್ಸಲ ಅವಳ ಮುಂದೆ ಕುಣಿದ್ರೆ ಹುಷಾರ್!"

ಇಲ್ಲ ಕಣೇ, ನಾನೇ ಹೇಳು ಅಂದಿದ್ದು. ಇಷ್ಟು ಖುಷಿ ನಂಗೆ ಯಾವತ್ತೂ ಆಗಿರ್ಲಿಲ್ಲ ಕಣೇ. ಎಲ್ಲ ಮಾತೂ ಒಳಗಿತ್ತು, ನಾಲಿಗೆ ಹೊರಳಲಿಲ್ಲ. ಮಗಳು ಬಿಕ್ಕುವುದು ಕೇಳಿಸುತ್ತಿತ್ತು. ನಾಲಿಗೆ ಮರಳುವ ಹೊತ್ತಿಗೆ ಹುಡುಗಿ ಪಕ್ಕದ ಕೋಣೆಯಲ್ಲಿ ಪುಸ್ತಕ ಹಿಡಿದು ಕೂತಿದ್ದಳು.

ಕಾಜಾ ಅಕ್ಕ ಹೋಗಿ ಅಪ್ಪಿಕೊಂಡು ಹೇಳಿದಳು, ಆಣೆಯಿಟ್ಟು ಹೇಳಿದಳು, ಮುಂದಿನದು ಹೇಳು ಎಂದು ಕೈಮುಗಿದೂ ಕೇಳಿದಳು. ಮಗಳು ಎಲ್ಲದಕ್ಕೂ "ಹೂಂ ಅಮ್ಮಾ" ಎಂದಳು. ಅವಳು ಈಗ ಎದೆಯೆತ್ತರ ಬೆಳೆದಿದ್ದಾಳೆ. ತಾಯಿಯ ಹತ್ತಿರ ಬಂದರೆ ಊಟ ಆಯ್ತಾ, ಮಾತ್ರೆ ತಗೊಂಡ್ಯಾ ಎಂದು ಕೇಳುತ್ತಾಳೆ. ಆಚೆಮನೆಯಲ್ಲಿ ಅವಳು ಕೂತರೆ ಅಲ್ಲಿಂದ ನಗು ಕೇಳಿಸುತ್ತಿರುತ್ತದೆ. ಕಾಜಾ ಅಕ್ಕ ಕಿಟಕಿಯ ಹತ್ತಿರ ಸೂಜಿ ಹಿಡಿದು, ಪೂರ್ತಿ ಎಚ್ಚರವಾಗಿ ಕೂತಿರುತ್ತಾಳೆ. ಬೋರ್ಡಿನ ತನಕ ಹೋದ ಆ ಟೀಚರ್ ಆಮೇಲೆ ಏನು ಮಾಡಿದರು ಎಂಬುದು ಅವಳಿಗೆ ಇವತ್ತಿಗೂ ಗೊತ್ತಿಲ್ಲ.