ಎತ್ತಿಗೆ ಜ್ವರ, ಕಾರಿಗೆ ಬರೆ

ರೋಲಿ ಪಖೋಲ್ಸ್ಕಿಯ ಕಿವಿಯ ಮೇಲೆ ನಮ್ಮ ಬೀದಿಗಿದ್ದ ನಂಬಿಕೆ ಪಾದ್ರಿಗಳ ಮಾತಿನ ಮೇಲೂ ಇರಲಿಲ್ಲ. ಟೊಲೀಡೋ ಊರಿನ ಉತ್ತರಕ್ಕಿರುವ ಈ ಬೀದಿಯಲ್ಲಿ ಯಾರ ಕಾರು ಕೆಮ್ಮಿದರೂ ಮೊದಲು ಬಂದು ನಿಲ್ಲುತ್ತಿದ್ದುದು ಅವನ ಗ್ಯಾರೇಜಿನ ಮುಂದೆ. ಗಿಡಗಳಿಗೆ ನೀರು ಬಿಡುವ ಹಸಿರು ಪೈಪಿನ ಮೂರು ಮೊಳದ ತುಂಡೊಂದು ಅವನ ಬಳಿ ಇತ್ತು. ಒಂದು ತುದಿಯನ್ನು ಕಿವಿಗಿಟ್ಟುಕೊಂಡು, ಇನ್ನೊಂದನ್ನು ಓಡುತ್ತಿರುವ ಇಂಜಿನ್ನಿನ ಸುತ್ತ ಆಡಿಸಿ, ಕಣ್ಣು ಮುಚ್ಚಿ, "ಇಲ್ಲಿ ವಾಲ್ವ್ ಕುಟ್ತಾ ಇದೆ" ಎಂದೋ, "ನೀರಿನ ಪಂಪು ಇನ್ನೊಂದು ಚಳಿಗಾಲ ಕಾಣಲ್ಲ" ಎಂದೋ ತೀರ್ಪು ಕೊಡುತ್ತಿದ್ದ. ಅದಕ್ಕೆ ಮೇಲ್ಮನವಿ ಇರಲಿಲ್ಲ. ದುಡ್ಡು ಮುಟ್ಟುತ್ತಿರಲಿಲ್ಲ, ಒಂದು ಬಿಯರ್ ಡಬ್ಬಿಯೋ, ಮನೆಯಲ್ಲಿ ಮಾಡಿದ ಪಿರೋಗಿ ಕಡುಬಿನ ತಟ್ಟೆಯೋ ಬಂದರೆ ಬೇಡ ಎನ್ನುತ್ತಲೂ ಇರಲಿಲ್ಲ. ಕಾರನ್ನು ಅಂಗಡಿಗೆ ಒಯ್ದು ಇನ್ನೊಬ್ಬರ ಕೈಯಲ್ಲಿ ಬಿಚ್ಚಿಸುವವನನ್ನು ನಮ್ಮ ಬೀದಿ ಗಂಡಸರ ಲೆಕ್ಕಕ್ಕೆ ಸೇರಿಸುವುದಿಲ್ಲ, ಹಾಗಾಗಿ ರೋಲಿಗೆ ಗಿರಾಕಿಗಳು ಕಡಿಮೆಯಾಗಿದ್ದಿಲ್ಲ.

ಆ ಕಿವಿಯನ್ನು ಅವನು ಸಂಪಾದಿಸಿದ್ದು ಕಾರಿನ ತಗಡು ಒತ್ತುವ ಕಾರ್ಖಾನೆಯಲ್ಲಿ. ಅಲ್ಲಿ ಮನೆಯೆತ್ತರದ ಯಂತ್ರಗಳು ದಿನವಿಡೀ ದಡ್ ದಡ್ ಎಂದು ಬೀಳುತ್ತಿದ್ದವು. ಕಿವಿಗೆ ತುರುಕಿಕೊಳ್ಳಲು ಕಂಪನಿಯವರು ಹಳದಿ ಬಿರಡೆ ಕೊಡುತ್ತಿದ್ದರು. ರೋಲಿ ಒಂದು ದಿನವೂ ಹಾಕಲಿಲ್ಲ. "ಕಿವಿ ಮುಚ್ಕೊಂಡ್ರೆ ಯಂತ್ರದ ಮಾತು ಕೇಳೋದು ಹೇಗೆ?" ಎಂದು ಮೇಸ್ತ್ರಿಗೇ ಪಾಠ ಹೇಳಿದ್ದ. ಹೀಗೆ ಕಿವಿಯನ್ನು ಎಲ್ಲಿ ಸಂಪಾದಿಸಿದನೋ ಅಲ್ಲೇ ಕಳೆದುಕೊಂಡ. ಸಂಪಾದನೆ ಮಾತ್ರ ಅವನ ಗಮನಕ್ಕೆ ಬಂದಿತ್ತು.

ನಿವೃತ್ತಿಯಾದ ಮೇಲೆ ಅವನ ಕೆಂಪು ಕಮಾರೋ ಕಾರು ಯಾಕೋ ಸೊರಗತೊಡಗಿತು. ಹಿಂದೆ ಕೀಲಿ ತಿರುಗಿಸಿದರೆ ಎದೆ ಝಲ್ಲೆನ್ನುವಂತೆ ಗುಡುಗುತ್ತಿದ್ದ ಕಾರು ಈಗ ಗಂಟಲು ಕಟ್ಟಿದ ಹಾಡುಗಾರನಂತೆ ಒಳಗೊಳಗೇ ಗೊಣಗುತ್ತದೆ ಎಂದು ರೋಲಿಗೆ ಅನಿಸಿತು. ಗಾಳಿಯ ಫಿಲ್ಟರ್ ಬದಲಿಸಿದ. ಸ್ಪಾರ್ಕ್ ಪ್ಲಗ್ ಬದಲಿಸಿದ. ಸೈಲೆನ್ಸರನ್ನೇ ಬದಲಿಸಿದ. ವರ್ಷದಿಂದ ವರ್ಷಕ್ಕೆ ಕಾರು ಮತ್ತಷ್ಟು ಮೆತ್ತಗಾಯಿತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಕೇಳಲಾರದವನು ಇನ್ನೇನು ಅಂದಾನು?

ಕೊನೆಗೆ ಉಳಿದಿದ್ದು ಹೆಡರ್. ಇಂಜಿನ್ನಿನ ಹೊಗೆ ಹೊರಗೆ ಬರುವಲ್ಲಿ ಕಂಪನಿಯವರು ಬೀಡು ಕಬ್ಬಿಣದ ಗಿಡ್ಡ ಕೊಳವೆಗಳ ದಪ್ಪ ಗಂಟನ್ನು ಪಕ್ಕಕ್ಕೊಂದರಂತೆ ಹಾಕಿರುತ್ತಾರೆ. ಅದನ್ನು ಕಿತ್ತು, ಒಂದೊಂದು ಬಾಯಿಗೆ ಒಂದೊಂದರಂತೆ ಉದ್ದನೆಯ ಉಕ್ಕಿನ ಕೊಳವೆಗಳ ಗೊಂಚಲು ಕೂರಿಸಿದರೆ ಅದೇ ಹೆಡರ್. ಕಾರಿನ ಬಲ ಹೆಚ್ಚುತ್ತದೆ ಎಂದು ಡಬ್ಬದ ಮೇಲೆ ಬರೆದಿರುತ್ತದೆ. ಬಲದ ಮಾತು ದೇವರಿಗೇ ಗೊತ್ತು, ಸದ್ದು ಮಾತ್ರ ಖಂಡಿತ ಹೆಚ್ಚುತ್ತದೆ.

ಡಬ್ಬ ಮನೆಗೆ ಬಂದ ದಿನ ಅವನ ಹೆಂಡತಿ ಡಾರ್ಲೀನ್ ಅದನ್ನು ನೋಡಿದಳು, ಅವನನ್ನು ನೋಡಿದಳು.

"ಏನಿದು?"

"ಕಾರಿನ ಗಂಟಲಿಗೆ ಔಷಧಿ ಕಣೇ."

"ಕಾರಿನ ಗಂಟಲು ನೆಟ್ಟಗೇ ಇದೆ. ಕೆಟ್ಟಿರೋದು ನಿನ್ನ ಕಿವಿ. ಊಟಕ್ಕೆ ಎಷ್ಟು ಸಲ ಕೂಗ್ಬೇಕು ನಿನ್ನ?"

"ಕೇಳಿಸುತ್ತೆ. ಬೇಕಂತಲೇ ಸುಮ್ನಿರ್ತೀನಿ."

ಬರೀ ಕಿವುಡ ಎನಿಸಿಕೊಳ್ಳುವುದಕ್ಕಿಂತ ಜಾಣ ಕಿವುಡ ಎನಿಸಿಕೊಳ್ಳುವುದು ವಾಸಿ ಎಂಬುದು ಅವನ ಲೆಕ್ಕಾಚಾರ. ಡಾರ್ಲೀನ್ ಅವತ್ತು ಅಷ್ಟಕ್ಕೆ ಬಿಡಲಿಲ್ಲ. ಎದುರು ಬಂದು, ಅವನು ತುಟಿ ನೋಡಬಹುದಾದಷ್ಟು ಹತ್ತಿರ ನಿಂತು ಹೇಳಿದಳು:

"ಮಾತಾಡಿ ಮಾತಾಡಿ ನಂಗೆ ಸಾಕಾಗಿದೆ ರೋಲಿ. ಗೋಡೆ ಜೊತೆ ಮಾತಾಡಿದ್ರೆ ಅದಾದ್ರೂ ಕೇಳಿಸ್ದೇನೇ ಹೂಂ ಅನ್ನಲ್ಲ."

ಅದು ರೋಲಿಗೆ ಕೇಳಿಸಿತು. ಕಿವಿ ಹೋಯಿತೆಂದು ಒಪ್ಪಿಕೊಂಡರೆ ಆ ಹಸಿರು ಪೈಪನ್ನು ಕಾಯಮ್ಮಾಗಿ ಮೊಳೆಗೆ ತಗುಲಿಹಾಕಬೇಕು. ಪೈಪಿಲ್ಲದ ರೋಲಿ ಈ ಬೀದಿಯಲ್ಲಿ ಯಾರು? ಪಿಂಚಣಿ ತಿನ್ನುವ ಇನ್ನೊಬ್ಬ ಮುದುಕ. ಅವನಿಗೆ ಭಯವಾಯಿತು, ಭಯವಾದಾಗ ಗಂಡಸರು ಮಾಡುವಂತೆ ಪಂಥ ಕಟ್ಟಿದ.

"ಇದನ್ನ ಕೂರಿಸ್ತೀನಿ. ಆಮೇಲೂ ಕಾರು ಸರಿಯಾಗಿ ಕೇಳಿಸ್ಲಿಲ್ಲ ಅಂದ್ರೆ ನೀನು ಹೇಳಿದ ಕಿವಿ ಡಾಕ್ಟರ ಹತ್ರ ಬರ್ತೀನಿ. ಕೇಳಿಸ್ತೋ, ಇನ್ಮೇಲೆ ಈ ಮನೇಲಿ ಕಿವಿ ಸುದ್ದಿ ಎತ್ತೋ ಹಾಗಿಲ್ಲ."

ಪಕ್ಕದ ಮನೆಯ ಕರ್ಟಿಸ್ ಬ್ಲೆಡ್ಸೋ ಸಾಕ್ಷಿಯಾದ. ಕರ್ಟಿಸ್ ಅಂಚೆಯವನಾಗಿ ದುಡಿದು ನಿವೃತ್ತನಾದವನು. ಜೀವಮಾನವೆಲ್ಲ ನಡೆದಿದ್ದಕ್ಕೆ ಪ್ರಾಯಶ್ಚಿತ್ತವೆಂಬಂತೆ ಈಗ ಹೋದಲ್ಲೆಲ್ಲ ಮಡಚುವ ಕುರ್ಚಿಯೊಂದನ್ನು ಹೊತ್ತೊಯ್ದು ಕೂರುತ್ತಿದ್ದ.

ಒಂದು ಶನಿವಾರದ ಕೆಲಸ ಎಂದು ಡಬ್ಬದ ಮೇಲಿತ್ತು. ಡಬ್ಬದ ಮೇಲೆ ಬರೆದವನು ನಮ್ಮ ಊರಿನ ಚಳಿಗಾಲ ಕಂಡವನಲ್ಲ. ಇಲ್ಲಿ ಹಿಮ ಕರಗಲೆಂದು ರಸ್ತೆಗೆ ಉಪ್ಪು ಸುರಿಯುತ್ತಾರೆ, ಆ ಉಪ್ಪು ಕಾರಿನ ಹೊಟ್ಟೆಯನ್ನು ಉಪ್ಪಿನಕಾಯಿ ಹಾಕುತ್ತದೆ. ರೋಲಿ ಕಾರನ್ನು ಜಾಕಿನಿಂದ ಎತ್ತಿ, ಕೆಳಗೆ ಆನಿಕೆ ಕೊಟ್ಟು, ರಟ್ಟು ಹಾಸಿಕೊಂಡು ಒಳಗೆ ತೂರಿದ. ಬೋಲ್ಟುಗಳು ತುಕ್ಕಿನಲ್ಲಿ ಮದುವೆಯಾಗಿ ಸಂಸಾರ ಹೂಡಿದ್ದವು. ಎಣ್ಣೆ ಹೊಡೆದು ಕಾದ. ಬೆಂಕಿ ತೋರಿಸಿದ. ಬೈದ. ಒಂದು ಬೋಲ್ಟಿನ ತಲೆ ಮುರಿದು ಕೈಗೆ ಬಂತು, ಮುಂಡ ಇಂಜಿನ್ನಿನೊಳಗೇ ಉಳಿಯಿತು. ಅದನ್ನು ಕೊರೆದು ತೆಗೆಯುವಷ್ಟರಲ್ಲಿ ಒಂದು ಭಾನುವಾರದ ಪೂಜೆಯೂ, ಬೆರಳ ಗೆಣ್ಣುಗಳ ಚರ್ಮವೂ ಹೋದವು.

ಹೊಸ ಗೊಂಚಲು ಮೇಲಿನಿಂದ ಇಳಿಯಲಿಲ್ಲ, ಕೆಳಗಿನಿಂದ ಏರಲಿಲ್ಲ. ಸ್ಟಿಯರಿಂಗಿನ ಕಂಬಿ ಬಿಚ್ಚಿದ. ಇಂಜಿನ್ನಿನ ಕೆಳಗೆ ಮರದ ದಿಮ್ಮಿ ಕೊಟ್ಟು ಮೇಲಕ್ಕೆ ಎತ್ತಿದ. ಅಕ್ಕಿ ಮೇಲೆ ಆಸೆ, ನೆಂಟರ ಮೇಲೆ ಪ್ರೀತಿ ಎಂಬಂತೆ ಹೊಸ ಕೊಳವೆಗೂ ಗೀರು ಬೀಳಬಾರದು, ಹಳೆ ಕಾರಿಗೂ ಪೆಟ್ಟಾಗಬಾರದು. ಕರ್ಟಿಸ್ ಕಾಫಿ ಲೋಟ ಹಿಡಿದು ಕುರ್ಚಿಯಲ್ಲಿ ಕೂತು ಎಲ್ಲವನ್ನೂ ನೋಡುತ್ತಿದ್ದ. ಕುಳಿತವನ ಕಣ್ಣು ಚುರುಕು.

"ರೋಲಿ, ಆ ಮೂರನೇ ಕೊಳವೆ ಬೋಲ್ಟು ಓರೆ ಹೋಗ್ತಿದೆ ನೋಡಪ್ಪ."

ಕಾರಿನಡಿಯಿಂದ, "ಹೂಂ, ಹೂಂ."

"ಬಿಚ್ಚಿ ಮತ್ತೆ ಹಾಕು ಅಂದೆ."

"ಹೂಂ, ಹೂಂ," ಎಂದು ರೋಲಿ ಅದನ್ನೇ ಇನ್ನೂ ಬಿಗಿಯಾಗಿ ತಿರುಗಿಸಿದ. ಕರ್ಟಿಸ್ ಇನ್ನೊಂದು ಗುಟುಕು ಕಾಫಿ ಕುಡಿದ.

ಕಿತ್ತ ಬೀಡು ಕಬ್ಬಿಣದ ಗಂಟುಗಳನ್ನು ರೋಲಿ ಕಾಲಿನಿಂದ ಮೂಲೆಗೆ ನೂಕಿ, "ಗುಜರಿಯವನು ಬಂದ್ರೆ ಕೊಟ್ಟು ಕಳ್ಸು. ದರಿದ್ರ ಹೋಗ್ಲಿ," ಎಂದ. ಡಾರ್ಲೀನ್ ಆಗಲಿ ಎಂಬಂತೆ ತಲೆಯಾಡಿಸಿದಳು.

ಅಂತೂ ಮೇ ತಿಂಗಳ ಒಂದು ಬೆಳಿಗ್ಗೆ ಕಾರು ನೆಲ ಮುಟ್ಟಿತು. ರೋಲಿ ಕೈ ತೊಳೆದು, ಒಳ್ಳೆಯ ಅಂಗಿ ಹಾಕಿಕೊಂಡು ಕೂತು, ಕೀಲಿ ತಿರುಗಿಸಿದ. ತಂತಿಯ ಮೇಲಿದ್ದ ಹಕ್ಕಿಗಳು ಒಟ್ಟಿಗೆ ಎದ್ದವು. ಕರ್ಟಿಸನ ನಾಯಿ ಜಗಲಿಯ ಅಡಿಗೆ ನುಗ್ಗಿತು, ಸಂಜೆಯವರೆಗೂ ಹೊರಬರಲಿಲ್ಲ. ಎದುರು ಸಾಲಿನಲ್ಲಿ ನಿಂತಿದ್ದ ಕಾರೊಂದು ತನ್ನನ್ನು ಯಾರೋ ಕದಿಯುತ್ತಿದ್ದಾರೆಂದು ತಾನೇ ಬೊಬ್ಬೆ ಹೊಡೆಯತೊಡಗಿತು. ಡಾರ್ಲೀನಳ ಅಡುಗೆಮನೆಯ ಕಪಾಟಿನಲ್ಲಿ ತಟ್ಟೆಗಳು ಕಟಕಟ ಎಂದವು.

ರೋಲಿ ಕಾರಿನಿಂದ ಇಳಿದಾಗ ಅವನ ಕಣ್ಣುಗಳು ಒದ್ದೆಯಾಗಿದ್ದವು.

"ಕೇಳಿಸ್ತು," ಎಂದ. "ಹಳೇ ಕಾಲದ ಹಾಗೇ ಕೇಳಿಸ್ತು ಕಣೇ. ನಾನು ಹೇಳ್ಲಿಲ್ವಾ, ಕೆಟ್ಟಿದ್ದು ಕಾರು."

ಪಂಥ ಗೆದ್ದಿದ್ದ. ಡಾರ್ಲೀನ್ ಒಳಗೆ ಹೋಗಿ ತಟ್ಟೆಗಳನ್ನು ನೆಟ್ಟಗೆ ಜೋಡಿಸಿದಳು. ಕಾರಿನ ಸದ್ದು ಕೇಳುವವನಿಗೆ ತನ್ನ ಸದ್ದು ಕೇಳಬೇಕಾಗಿಲ್ಲ ಎಂಬ ದುಃಖ ಅವಳ ಬೆನ್ನಿನಲ್ಲೇ ಕಾಣುತ್ತಿತ್ತು. ರೋಲಿ ನೋಡಿದ, ಆದರೆ ಗೆದ್ದವನ ಅಮಲಿನಲ್ಲಿದ್ದ. ಬೀದಿಯ ಆ ತುದಿಯಿಂದ ಈ ತುದಿಗೆ ಮೆರವಣಿಗೆ ಹೊರಟ. ಜನ ಮನೆಯಿಂದ ಆಚೆ ಬಂದು ನಿಂತು ಕೈಯಾಡಿಸಿದರು. ಕೆಲವರು ಕೈಯಾಡಿಸಿದ್ದು ಸಾಕು ನಿಲ್ಲಿಸು ಎಂದು.

ವಾರ ಕಳೆಯಿತು. ಒಂದು ಬೆಳಿಗ್ಗೆ ಕಾರು ಇನ್ನೂ ತಣ್ಣಗಿದ್ದಾಗ ರೋಲಿ ಅದನ್ನು ಚಾಲೂ ಮಾಡಿ ಸಣ್ಣಗೆ ಓಡಲು ಬಿಟ್ಟಿದ್ದ. ಕಸದ ಚೀಲ ಹಿಡಿದು ಹೊರಬಂದ ಡಾರ್ಲೀನ್ ನಿಂತಳು.

"ಅದೇನದು ಟಿಕ್ ಟಿಕ್ ಅಂತಿರೋದು?"

"ಎಲ್ಲಿ?"

"ಇಲ್ಲೇ, ಮುಂದ್ಗಡೆ. ಗಡಿಯಾರದ ಥರ."

ರೋಲಿ ನಕ್ಕು, ಮೊಳೆಯಿಂದ ಹಸಿರು ಪೈಪು ತೆಗೆದು, ಕಣ್ಣು ಮುಚ್ಚಿ, ಒಂದೊಂದೇ ಕೊಳವೆಯ ಬಾಯಿಗೆ ಹಿಡಿಯುತ್ತ ಬಂದ. ಗುಡುಗು ಬಿಟ್ಟರೆ ಬೇರೇನೂ ಇರಲಿಲ್ಲ. ಇನ್ನೊಂದು ಕಿವಿಗಿಟ್ಟು ನೋಡಿದ.

"ಏನೂ ಇಲ್ಲ. ಬೇಕಿದ್ರೆ ಕರ್ಟಿಸನ್ನ ಕೇಳು."

ಕರ್ಟಿಸ್ ಬೇಲಿಯ ಆಚೆಯಿಂದಲೇ ಆ ಟಿಕ್ ಟಿಕ್ ಅನ್ನು ವಾರದಿಂದ ಕೇಳುತ್ತಿದ್ದ. ಈಗ ಕುರ್ಚಿ ಹೊತ್ತು ಈಚೆ ಬಂದು ಗೆಳೆಯನ ಮುಖ ನೋಡಿದ, ಆ ಕೈಯಲ್ಲಿದ್ದ ಪೈಪು ನೋಡಿದ. ತನ್ನ ಹಳೇ ಟ್ರಕ್ಕನ್ನು ಬದುಕಿಸಿಟ್ಟಿದ್ದ ಪೈಪು ಅದು.

"ನಂಗೂ ಏನೂ ಕೇಳಿಸ್ತಿಲ್ಲಪ್ಪ," ಎಂದ.

ಸ್ನೇಹಿತ ಎಂದರೆ ಹೀಗಿರಬೇಕು. ಆದರೆ ಅವನ ಬಾಯಿ ಸುಳ್ಳಾಡುತ್ತಿದ್ದಾಗ ಕಣ್ಣು ಮೂರನೇ ಕೊಳವೆಯತ್ತ ಹೋಗಿ ಬಂತು. ರೋಲಿಯ ಕಣ್ಣು ಇನ್ನೂ ಚೆನ್ನಾಗಿತ್ತು, ಅದನ್ನು ಹಿಂಬಾಲಿಸಿತು. ಬೆಳ್ಳಗೆ ಹೊಳೆಯುವ ಉಕ್ಕಿನ ಬುಡದಲ್ಲಿ ಕಾಡಿಗೆ ಎಳೆದಂತೆ ಒಂದು ಮಸಿಯ ಗೆರೆ. ಬೋಲ್ಟು ಓರೆ ಕೂತಿತ್ತು. ಕೊಳವೆಗೂ ಇಂಜಿನ್ನಿಗೂ ನಡುವೆ ಇಡುವ ಗ್ಯಾಸ್ಕೆಟ್ಟಿನ ಸಂದಿನಿಂದ ಹೊಗೆ ನುಸುಳುತ್ತಿತ್ತು. ಅದು ನುಸುಳುವಾಗ ಟಿಕ್ ಟಿಕ್ ಎನ್ನದೇ ಇರುವುದಿಲ್ಲ; ಇದನ್ನು ಬೀದಿಗೆಲ್ಲ ಹೇಳಿಕೊಟ್ಟವನೇ ರೋಲಿ.

ಅವನು ಗೆರೆಯ ಮೇಲೆ ಬೆರಳಾಡಿಸಿದ. ಬೆರಳು ಕಪ್ಪಾಯಿತು. ಇಂಜಿನ್ ಆರಿಸಿ, ಅದು ತಣ್ಣಗಾಗುವ ತನಕ ಕರ್ಟಿಸನ ಕುರ್ಚಿಯಲ್ಲೇ ಕೂತ. ಯಾರ ಕಡೆಗೂ ನೋಡಲಿಲ್ಲ. ಆಮೇಲೆ ಬೋಲ್ಟು ಬಿಚ್ಚಿ, ಅದರ ತಿರುಪಿನ ಗೆರೆಗಳನ್ನು ಶುಚಿ ಮಾಡಿ, ಹೊಸ ಗ್ಯಾಸ್ಕೆಟ್ ಇಟ್ಟು ಮತ್ತೆ ಕೂರಿಸಿ ಕಾರು ಚಾಲೂ ಮಾಡಿದ. ಹಸಿರು ಪೈಪನ್ನು ಎತ್ತಿಕೊಂಡ. ಕಿವಿಯವರೆಗೆ ಒಯ್ದು ನಿಲ್ಲಿಸಿ, ಡಾರ್ಲೀನಳ ಕೈಗೆ ಕೊಟ್ಟ.

"ನೀನೇ ಕೇಳು," ಎಂದ. "ಟಿಕ್ ಟಿಕ್ ನಿಂತಿದ್ಯಾ ನೋಡು."

ಅವಳು ಬಗ್ಗಿ, ಅವನ ಹಾಗೇ ಕಣ್ಣು ಮುಚ್ಚಿ ಕೇಳಿದಳು. ಅವನು ಅವಳ ಮುಖವನ್ನೇ ನೋಡುತ್ತ ನಿಂತ.

"ನಿಂತಿದೆ ಕಣೋ."

"ಆ ಕಿವಿ ಡಾಕ್ಟರ ಹೆಸ್ರು ಏನಂದೆ?" ಎಂದು ರೋಲಿ ಕೈ ಒರೆಸಿಕೊಳ್ಳುತ್ತ ಕೇಳಿದ. ಕರ್ಟಿಸ್ ಕುರ್ಚಿ ಮಡಚಿಕೊಂಡು, ನಾಯಿಗೆ ಊಟ ಹಾಕಬೇಕೆಂದು ಮನೆಗೆ ಹೋದ.

ಡಾಕ್ಟರು ಅವನನ್ನು ಸದ್ದಿಲ್ಲದ ಕೋಣೆಯಲ್ಲಿ ಕೂರಿಸಿ ಪರೀಕ್ಷೆ ಮಾಡಿದರು. ಅವರೆಕಾಳಿನಷ್ಟು ದೊಡ್ಡ ಎರಡು ಯಂತ್ರಗಳು ಅವನ ಕಿವಿಯ ಹಿಂದೆ ಸೇರಿದವು. ಮನೆಗೆ ಬಂದವನಿಗೆ ಫ್ರಿಜ್ಜು ಗೊಣಗುವುದು ಕೇಳಿಸಿತು. ಡಾರ್ಲೀನ್ ಪಾತ್ರೆ ತೊಳೆಯುವಾಗ ಸಣ್ಣಗೆ ಹಾಡಿಕೊಳ್ಳುವುದು ಕೇಳಿಸಿತು. ಅದು ಯಾವತ್ತಿನಿಂದ ಎಂದು ಕೇಳಿದರೆ ಅವಳು, "ಮದ್ವೆ ಆದಾಗಿಂದ," ಎಂದಳು. ಹೊರಗೆ ಹೋದರೆ ಕರ್ಟಿಸ್ ಬೇಲಿಯ ಹತ್ತಿರ ಮಾತಾಡುತ್ತಲೇ ಇದ್ದ. ಈ ಮನುಷ್ಯ ಇಷ್ಟೊಂದು ಮಾತಾಡುತ್ತಾನೆಂದು ರೋಲಿಗೆ ಅದುವರೆಗೂ ಗೊತ್ತೇ ಇರಲಿಲ್ಲ. ಗೊತ್ತಿಲ್ಲದೇ ಇದ್ದಿದ್ದೇ ಇಬ್ಬರ ಸ್ನೇಹ ಇಷ್ಟು ದಿನ ಬಾಳಿದ ಗುಟ್ಟೇನೋ ಎಂದು ಒಂದು ಕ್ಷಣ ಅನಿಸಿತು.

ಆಮೇಲೆ ಅವನು ಹೆಮ್ಮೆಯಿಂದ ಹೋಗಿ ಕಾರಿನಲ್ಲಿ ಕೂತು ಕೀಲಿ ತಿರುಗಿಸಿದ. ಮರುಕ್ಷಣ ಆರಿಸಿದ. ಬಾಗಿಲು ತೆರೆದು ಹೊರಗೆ ಬಂದವನ ಎರಡು ಕೈಗಳೂ ಕಿವಿಯ ಮೇಲಿದ್ದವು.

"ಇಷ್ಟು ದಿನ ಇದೇ ಸದ್ದಾ?" ಎಂದ. "ಬೀದೀಲೆಲ್ಲ? ಬೆಳಬೆಳಿಗ್ಗೆ? ಯಾರೂ ಒಂದು ಮಾತು ಹೇಳ್ಬಾರ್ದಿತ್ತಾ?"

"ಹೇಳಿದ್ವಿ," ಎಂದ ಕರ್ಟಿಸ್.

ರೋಲಿ ಪೆಚ್ಚಾಗಿ ಕಾರನ್ನು ನೋಡಿದ. ಇದು ಮನುಷ್ಯರು ಓಡಿಸುವ ಗಾಡಿಯಲ್ಲ. ಹಳೇ ಬೀಡು ಕಬ್ಬಿಣ ಇದ್ದಿದ್ದರೆ ಇವತ್ತೇ ಮತ್ತೆ ಕಾರಿನಡಿ ತೂರುತ್ತಿದ್ದ, ಆದರೆ ಅದು ಗುಜರಿಗೆ ಹೋಗಿ ಈಗ ಯಾರ ಮನೆಯ ಬಾಣಲೆಯಾಗಿದೆಯೋ.

ಡಾರ್ಲೀನ್ ಗ್ಯಾರೇಜಿನ ಹಿಂದಕ್ಕೆ ಹೋದಳು. ಹೂಕುಂಡಗಳನ್ನು ಪಕ್ಕಕ್ಕೆ ಸರಿಸಿ, ಹಳೆ ದುಪ್ಪಟಿಯಲ್ಲಿ ಸುತ್ತಿದ್ದ ಒಂದು ಭಾರದ ಗಂಟನ್ನು ಎಳೆದುಕೊಂಡು ಬಂದು ಅವನ ಕಾಲ ಹತ್ತಿರ ಬಿಟ್ಟಳು. ಬಿಚ್ಚಿ ನೋಡಿದರೆ ಎರಡೂ ಬೀಡು ಕಬ್ಬಿಣದ ಗಂಟುಗಳು. ತುಕ್ಕು ಉಜ್ಜಿತ್ತು, ಎಣ್ಣೆ ಸವರಿತ್ತು.

"ಗುಜರಿಯವನು ಬರ್ಲಿಲ್ವಾ?"

"ಬಂದಿದ್ದ. ಹಾಗೇ ಕಳಿಸ್ದೆ."

"ಯಾಕೆ?"

"ಯಾವತ್ತೋ ಒಂದಿನ ನಿಂಗೆ ಕೇಳಿಸುತ್ತೆ ಅಂದ್ಕೊಂಡಿದ್ದೆ," ಎಂದಳು ಡಾರ್ಲೀನ್. ಸಣ್ಣಗೇ ಹೇಳಿದಳು, ಮನೆಯ ಕಡೆ ತಿರುಗಿ ನಡೆಯುತ್ತ ಹೇಳಿದಳು, ಆದರೂ ಅವನಿಗೆ ಕೇಳಿಸಿತು. ಅವನು ಆ ಬೆನ್ನನ್ನು ನೋಡಿದ, ಆಮೇಲೆ ಕಾರಿನಡಿ ಹಾಸಿಕೊಳ್ಳುವ ರಟ್ಟು ಹುಡುಕಲು ಹೋದ.